ಹೆಸರು ಬರಬೇಕಾದ ಜಾಗ

ಮಗಳ ಮದುವೆಗೆ ಇನ್ನು ಐದು ವಾರ ಇರುವಾಗ, ನನಗೆ ಒಂದು ಒಡಪೂ ಪೂರ್ತಿ ಬರುವುದಿಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತಾಗಿಹೋಯಿತು.

ನಮ್ಮ ಬಾಗಲಕೋಟೆ ಕಡೆಯವರಿಗೆ ಒಡಪು ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳಿಬಿಡುತ್ತೇನೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಅನ್ನುತ್ತಿದ್ದ ಕಾಲದಲ್ಲಿ ಹೆಂಗಸರು ಕಂಡುಕೊಂಡ ಉಪಾಯ ಅದು. ಎರಡು ಸಾಲಿನ ಪದ ಕಟ್ಟುವುದು, ಅದರೊಳಗೆ ಹೆಸರನ್ನು ಜಾಣತನದಿಂದ ತೂರಿಸಿಬಿಡುವುದು. ಹೊಸ ಸೊಸೆ ಹೊಸ್ತಿಲ ಹತ್ತಿರ ಬಂದರೆ ಸಾಕು, ನಾಲ್ಕು ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾ" ಅನ್ನುತ್ತಾರೆ. ಹೇಳದಿದ್ದರೆ ಬಿಡುವುದಿಲ್ಲ. ನನ್ನ ಮದುವೆಯಲ್ಲಿ ನಾನು ಮೊದಲ ಸಾಲು ಹೇಳಿ, ಎರಡನೆಯದು ಮರೆತು, ಬೆವೆತು, ಕೊನೆಗೆ ಗಂಡನ ಹೆಸರನ್ನು ಶಾಲೆಯ ಹಾಜರಿಯಂತೆ ಒಪ್ಪಿಸಿ ಒಳಗೆ ಓಡಿದ್ದೆ. ಅದನ್ನು ನಮ್ಮ ಅತ್ತೆ ಇವತ್ತಿಗೂ ಮರೆತಿಲ್ಲ. ಅವರಿಗೀಗ ಎಂಬತ್ತು ದಾಟಿದೆ, ಬೇರೆ ಎಷ್ಟೋ ಮರೆತಿದ್ದಾರೆ.

ಹೆಸರನ್ನು ಮರೆಮಾಡಿ ಹೇಳುವ ವಿದ್ಯೆಯ ಬಗ್ಗೆ ಬರೆಯುವಾಗ ನಾನೂ ಯಾರ ಹೆಸರನ್ನೂ ಬರೆಯುವುದಿಲ್ಲ. ಒಡಪಿನಲ್ಲಿ ಹೆಸರು ಬರುವ ಕಡೆ "ಇಂಥವರು" ಎಂದು ಹಾಕುತ್ತೇನೆ.

ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮೂವತ್ತು ವರ್ಷದಿಂದ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿದ್ದೇವೆ. ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಮನೆಯೊಳಗೆ ಬಾಗಿಲು ಹಾಕಿಕೊಂಡ ಮೇಲೆ ಕನ್ನಡ. ಮಗಳಿಗೆ ಗಚ್ಚಿಬೌಲಿಯಲ್ಲಿ ಕೆಲಸ. ಅಲ್ಲೇ ಕೆಲಸ ಮಾಡುವ ತೆಲುಗು ಹುಡುಗನನ್ನು ಮೆಚ್ಚಿದಳು, ನಮಗೂ ಮೆಚ್ಚುಗೆಯಾಯಿತು. ಹುಡುಗನ ತಾಯಿ, ಅಂದರೆ ನನ್ನ ಬೀಗಿತ್ತಿ, ಗಣಿತದ ಟೀಚರಾಗಿದ್ದು ನಿವೃತ್ತರಾದವರು. ನಮ್ಮಲ್ಲಿ ಮದುವೆಯ ಭೂಮದ ಊಟಕ್ಕೆ ಎರಡೂ ಮನೆಯವರು ಒಟ್ಟಿಗೆ ಕೂತು ಒಡಪು ಹೇಳುತ್ತಾರೆ ಎಂದು ಮಗಳು ಹೇಳಿದ್ದೇ ತಡ, ಆಕೆ ಕನ್ನಡಕ ಮೇಲೇರಿಸಿ "ನೇನೂ ಚೆಪ್ತಾನು" ಎಂದರು. ನಾನೂ ಹೇಳುತ್ತೇನೆ. ಹೇಳುವುದಷ್ಟೇ ಅಲ್ಲ, ಸಾಲುಗಳನ್ನು ಬರೆದು ಕೊಟ್ಟರೆ ಮೊದಲೇ ಅಭ್ಯಾಸ ಮಾಡುತ್ತೇನೆ ಎಂದರು.

ಬರೆದು ಕೊಡಲು ನನ್ನ ಹತ್ತಿರ ಏನಿತ್ತು? ನನ್ನ ತಾಯಿಯ ಒಂದು ನೋಟುಬುಕ್ಕು. ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದ ಇಪ್ಪತ್ತೆರಡು ಒಡಪುಗಳು. ಹೆಸರು ಬರಬೇಕಾದ ಕಡೆಯಲ್ಲೆಲ್ಲ ನಮ್ಮವ್ವ ಐದಾರು ಚುಕ್ಕಿ ಇಟ್ಟಿದ್ದಳು. ಬಾಯಲ್ಲಿ ಹೇಳಬಾರದ್ದನ್ನು ಪೆನ್ಸಿಲಿನಲ್ಲಿ ಮಾತ್ರ ಹೇಗೆ ಹೇಳುವುದು ಎಂದು ಬಿಟ್ಟಿದ್ದಳೋ, ಅಥವಾ ಯಾರು ಬೇಕಾದರೂ ತಮ್ಮ ಗಂಡನನ್ನು ಕೂರಿಸಿಕೊಳ್ಳಲಿ ಎಂದು ಬಿಟ್ಟಿದ್ದಳೋ, ಕೇಳಲು ಈಗ ಆಕೆ ಇಲ್ಲ. ನಾನು ಮಗಳನ್ನು ಕೂರಿಸಿಕೊಂಡು ಓದಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳು ಕೈಯೆತ್ತಿದಳು.

"ಅಮ್ಮ, ಇದರಾಗ ಎಲ್ಲಾ ಬರೇ ಬಾವಿ, ಬೀಸೋ ಕಲ್ಲು, ಹಿತ್ತಲದಾಗಿನ ಹಸು. ನಾ ಬಾವೀನ ನೋಡಿಲ್ಲ. ನಮ್ಮ ಫ್ಲ್ಯಾಟಿಗೆ ನೀರು ಟ್ಯಾಂಕರದಾಗ ಬರ್ತೈತಿ."

"ಟ್ಯಾಂಕರ್ ಅಂತ ಬದಲ ಮಾಡಿ ಹೇಳು."

"ಪ್ರಾಸ ತಪ್ಪತೈತಿ!"

ಪ್ರಾಸ ತಪ್ಪುತ್ತದೆ ಎಂದು ಅವಳಿಗೆ ಗೊತ್ತಾಯಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಆದರೆ ಹೊಸದು ಕಟ್ಟಲು ನನ್ನಿಂದಾಗಲಿಲ್ಲ. ಎರಡು ದಿನ ಕೂತೆ. ಮೊದಲ ಸಾಲು ಬರುತ್ತಿತ್ತು, ಎರಡನೆಯದು ನನ್ನ ಮದುವೆಯ ದಿನದ ಹಾಗೇ ಕೈಕೊಡುತ್ತಿತ್ತು.

ಆ ವಾರವೇ, ಮದುವೆಯಾದ ಮೇಲೆ ಇರಲೆಂದು ಮಗಳೂ ಹುಡುಗನೂ ಮಣಿಕೊಂಡದಲ್ಲಿ ಹಿಡಿದಿದ್ದ ಫ್ಲ್ಯಾಟಿಗೆ ಅಡುಗೆಮನೆಯ ಕಪಾಟು ಕೂರಿಸುವವರು ಬರುವುದಿತ್ತು. ಇಬ್ಬರಿಗೂ ರಜೆ ಇರಲಿಲ್ಲ, ಕಾಯಲು ನಾನು ಹೋದೆ. ಬಡಗಿಗಳು ಒಳಗೆ ಡ್ರಿಲ್ಲು ಹಿಡಿದು ಕಿವಿ ಕೊರೆಯುತ್ತಿದ್ದರು. ನಾನು ಬಾಲ್ಕನಿಗೆ ಬಂದು ನಿಂತೆ. ಎದುರಿಗೆ, ಎರಡು ಸೀರೆ ಹಾಸುವಷ್ಟು ದೂರದಲ್ಲಿ, ಇನ್ನೊಂದು ಕಟ್ಟಡ ಏಳುತ್ತಿತ್ತು. ಅದರ ಮೂರನೆಯ ಅಂತಸ್ತಿನಲ್ಲಿ ನಾಲ್ಕು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಿದ್ದರು. ಹಳದಿ ಹೆಲ್ಮೆಟ್ಟು, ಸೀರೆಯ ಮೇಲೆ ಗಂಡಸರ ಅಂಗಿ. ಡ್ರಿಲ್ಲು ಒಂದು ಕ್ಷಣ ನಿಂತಿತು. ಆಗ ಕೇಳಿಸಿತು.

"ಹೆಸರ ಹೇಳು, ಇಟ್ಟಂಗಿ ತಗೊ!"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸಾಲಿನಲ್ಲಿ ಎರಡನೆಯವಳು, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಚಾಚಿದವಳು ಚಾಚಿದ ಹಾಗೇ ಹಾಡಿದಂತೆ ಹೇಳಿದಳು:

"ಇಟ್ಟಂಗಿ ಮ್ಯಾಲ ಇಟ್ಟಂಗಿ ಇಟ್ಟು ಕಟ್ಟೀವಿ ಗ್ವಾಡಿ,
ಇಂಥವರು ಕರದ್ರ ಬರತೀನಿ ಎಲ್ಲಾ ಕೆಲಸ ದೂಡಿ!"

ಉಳಿದ ಮೂವರು ಹೋ ಎಂದರು. ಇಟ್ಟಂಗಿ ದಾಟಿತು. ನಾನು ಬಾಲ್ಕನಿಯ ಸರಳು ಹಿಡಿದು ಕಿರುಚಿದೆ: "ಇನ್ನೊಂದ್ ಹೇಳವಾ!"

ನಾಲ್ಕೂ ಹೆಲ್ಮೆಟ್ಟು ಒಟ್ಟಿಗೆ ತಿರುಗಿದವು. ನಾಲ್ಕೂ ಜನ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಯಾವೂರ್ರಿ ಅಕ್ಕಾರ?" ಎಂದಳು ಆಕೆ.

"ಬಾಗಲಕೋಟಿ!"

"ನಾವು ರಾಯಚೂರ ಕಡ್ಯಾವ್ರು! ನಿಮ್ಮ ಯಜಮಾನರ ಹೆಸರೇನ್ರಿ?"

ನನ್ನ ಹೆಸರನ್ನಲ್ಲ, ಯಜಮಾನರ ಹೆಸರನ್ನು. ನಾನು ಸಂತೋಷದ ಭರದಲ್ಲಿ ಗಂಡನ ಹೆಸರನ್ನು ಆ ಕಟ್ಟಡಕ್ಕೆ ಕೇಳಿಸುವಂತೆ ಕೂಗಿಬಿಟ್ಟೆ. ಆ ಕಡೆ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯ, ಹಂಗ ಬರೇ ಬಾಯಿಲೆ ಅಂದುಬಿಟ್ರಲ್ರೀ!"

ಒಳಗಿಂದ ಬಡಗಿ ಬಂದು ಏನಾಯಿತಮ್ಮಾ ಎಂದು ಕೇಳಿದ. ಏನೂ ಇಲ್ಲ, ನಮ್ಮೂರವರು ಸಿಕ್ಕರು ಎಂದೆ.

ಮಧ್ಯಾಹ್ನದ ಊಟದ ಬಿಡುವಿಗೆ ನಾನು ಕೆಳಗಿಳಿದು ಎದುರಿನ ಗೇಟಿಗೆ ಹೋದೆ. ಆ ಒಡಪಿನಾಕೆ ಜೋಳದ ರೊಟ್ಟಿ, ಪುಂಡಿಪಲ್ಯ ಬಿಚ್ಚಿಕೊಂಡು ಮರಳಿನ ರಾಶಿಯ ನೆರಳಲ್ಲಿ ಕೂತಿದ್ದಳು. ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟಳು. ನಾನು ಫೋನು ತೆಗೆದು ಆಕೆಯ ಮುಂದೆ ಹಿಡಿದು, "ತಂಗೀ, ನಿನಗ ಬರೋ ಒಡಪು ಎಲ್ಲಾ ಒಂದ್ಸಲ ಹೇಳಿಬಿಡು. ಮಗಳ ಮದುವಿ ಐತಿ" ಎಂದೆ.

ಆಕೆ ಫೋನನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು. ಸೆರಗು ಸರಿಮಾಡಿಕೊಂಡಳು.

"ಬರವಲ್ದ್ರಿ ಅಕ್ಕಾರ."

"ಬೆಳಿಗ್ಗೆ ಬಂತಲ್ಲ?"

"ಬೆಳಿಗ್ಗೆ ಇಟ್ಟಂಗಿ ಇತ್ತಲ್ರಿ. ಆಕಿ ತಡದಿದ್ಲು, ನಾ ಹೇಳಿದೆ. ಹಿಂಗ ಸುಮ್ಮ ಸುಮ್ಮನ ಕುಂತು ಹೇಳು ಅಂದ್ರ ಹೆಂಗ ಬರ್ತಾವ? ಯಾರರ ಕೇಳಬೇಕು, ಅಡ್ಡ ನಿಲ್ಲಬೇಕು. ಯಾರ ಹೆಸರಿಗೆ ಅಂತ ಗೊತ್ತಿರಬೇಕು."

"ಎಲ್ಲಿ ಕಲ್ತಿ ಇದನ್ನೆಲ್ಲ?"

"ಕಲಿಯೂದೇನ್ ಬಂತ್ರಿ? ಹತ್ತಿ ಬಿಡಸುವಾಗ ಮುಂದಿನ ಸಾಲಿನಾಕಿ ಒಂದು ಅಂದ್ಲಂದ್ರ ಹಿಂದಿನ ಸಾಲಿನಾಕಿ ಸುಮ್ನ ಇರಬೇಕೇನು? ಸೋತ್ರ ಮರ್ಯಾದಿ ಹೋತು. ಸಂಜೀತನಕಾ ನಡೀತಿತ್ತು. ನಮ್ಮತ್ತಿ ಹತ್ರ ನಾನೂರು ಇದ್ವು. ಆಕೀನ ಸೋಲಸ್ಬೇಕಂತ ನಾ ಕಲ್ತೆ."

ಹಾಗಾಗಿ ನಾನು ಫೋನನ್ನು ಚೀಲಕ್ಕೆ ಹಾಕಿದೆ. ಅಡ್ಡ ನಿಲ್ಲುವುದನ್ನು ಕಲಿತೆ. ಮುಂದಿನ ಎರಡು ವಾರ ನನಗೆ ಆ ಫ್ಲ್ಯಾಟಿನಲ್ಲಿ ಏನೇನೋ ಕೆಲಸ ಹುಟ್ಟಿಕೊಂಡವು. ಪರದೆ ಅಳತೆ, ನಲ್ಲಿ ರಿಪೇರಿ, ಗಿಡಕ್ಕೆ ಮಣ್ಣು. ಮನೆಯಲ್ಲಿ ಗಂಡ, "ಅಷ್ಟು ಸಣ್ಣ ಫ್ಲ್ಯಾಟಿನಾಗ ಇಷ್ಟು ದಿನ ಏನ್ ಮಾಡಾಕತ್ತೀ?" ಎಂದು ಕೇಳತೊಡಗಿದರು. ನಾನು ಊಟದ ಬಿಡುವಿಗೆ ಸರಿಯಾಗಿ ಗೇಟಿಗೆ ಹೋಗಿ, ಆಕೆಯ ನೀರಿನ ಬಾಟಲಿ ಎತ್ತಿ ಹಿಂದೆ ಬಚ್ಚಿಟ್ಟುಕೊಂಡು, "ಹೆಸರ ಹೇಳು, ನೀರ ಕುಡಿ" ಅನ್ನುತ್ತಿದ್ದೆ. ಬಂತು:

"ಸಿಮೆಂಟಿಗೆ ನೀರ ಬೇಕು, ನೀರಿಗೆ ಕೊಡಾ ಬೇಕು,
ಹತ್ತ ಅಂತಸ್ತ ಏರಿದ್ರೂ ಇಂಥವರ ನೆರಳ ಬೇಕು."

ಚಪ್ಪಲಿ ಬಚ್ಚಿಟ್ಟೆ. ಬಂತು:

"ಲಿಫ್ಟಿನಾಗ ಹೋದೋರಿಗೆ ಮೆಟ್ಟಲಾ ಗೊತ್ತಿಲ್ಲ,
ಮೆಟ್ಟಲಾ ಏರಿದ ನನಗ ಇಂಥವರ ಬಿಟ್ರ ಗೊತ್ತಿಲ್ಲ."

ನಾನು ಅಲ್ಲೇ ಮರಳಿನ ಮೇಲೆ ಕೂತು ಹಾಳೆಯಲ್ಲಿ ಗೀಚಿಕೊಳ್ಳುತ್ತಿದ್ದೆ. ನನಗೆ ಐವತ್ತಮೂರು ವರ್ಷ. ಇನ್ನೊಬ್ಬರ ಚಪ್ಪಲಿ ಬಚ್ಚಿಡುವುದರಲ್ಲಿ ಇಷ್ಟು ಸುಖ ಇರುತ್ತದೆ ಎಂದು ಗೊತ್ತಿರಲಿಲ್ಲ. ಒಂದು ದಿನ ನಗುತ್ತಾ ನಗುತ್ತಾ ಹಿಂದಕ್ಕೆ ಬಿದ್ದು ಜಲ್ಲಿಯ ರಾಶಿಯಲ್ಲಿ ಜಾರಿ ಹೋದೆ. ಮೇಸ್ತ್ರಿ ಓಡಿ ಬಂದು, ಹೆಲ್ಮೆಟ್ಟಿಲ್ಲದೆ ಒಳಗೆ ಬರಬೇಡಿ ಎಂದು ನನಗೂ ಒಂದು ಹಳದಿ ಹೆಲ್ಮೆಟ್ಟು ಕೊಟ್ಟ. ಅದನ್ನು ಹಾಕಿಕೊಂಡೇ ಬರೆದೆ.

ಮಗಳ ವಿಷಯ ಹೇಳಿದಾಗ ಆಕೆ ನೂರೆಂಟು ಪ್ರಶ್ನೆ ಕೇಳಿದಳು. ಹುಡುಗ ಎಲ್ಲಿ ಕೆಲಸ ಮಾಡುತ್ತಾನೆ, ಯಾವ ಗಾಡಿ, ಮಗಳು ನಗುತ್ತಾಳೋ ನಾಚುತ್ತಾಳೋ. ನಗುತ್ತಾಳೆ, ನಿಲ್ಲಿಸುವುದೇ ಇಲ್ಲ ಎಂದೆ. ಆಕೆ ರೊಟ್ಟಿ ಮುರಿಯುತ್ತಲೇ ಕಟ್ಟಿಕೊಟ್ಟಳು:

"ಗಚ್ಚಿಬೌಲಿ ಟ್ರಾಫಿಕ್ಕಿನಾಗ ಗಾಡಿಗೆ ಹಾದಿ ಸಿಗವಲ್ದು,
ಇಂಥವರ ಹೆಸರ ಹೇಳಾಕಂದ್ರ ನನ್ನ ನಗಿ ನಿಲ್ಲವಲ್ದು."

ಬೀಗಿತ್ತಿಗೂ ಒಂದು ಬೇಕು ಎಂದೆ. ಅವರ ಯಜಮಾನರು ಹೇಗೆ ಎಂದು ಕೇಳಿದಳು. ಮಾತು ಕಡಿಮೆ, ಊಟ ಇಷ್ಟ ಎಂದೆ. ಬಂತು:

"ಒಲಿ ಮ್ಯಾಲ ಅನ್ನ ಕುದೀತೈತಿ, ಪಡಸಾಲ್ಯಾಗ ಬೀಗರು ಕುಂತಾರ,
ಇಂಥವರು ಹಸದಾರಂತ ಕಿಟಕ್ಯಾಗ ಇಣುಕಾಕತ್ತಾರ."

ನಮ್ಮವ್ವನ ನೋಟುಬುಕ್ಕಿನಿಂದ ಹನ್ನೆರಡು, ಆಕೆಯಿಂದ ಮೂವತ್ತು. ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ನನಗೆ ತಲೆ ತಿರುಗಿತ್ತು. ಇದನ್ನು ಅಚ್ಚು ಹಾಕಿಸಿ ಮದುವೆಗೆ ಬಂದವರಿಗೆಲ್ಲ ಕೊಡಬೇಕು ಎಂದು ಮನೆಯಲ್ಲಿ ಘೋಷಿಸಿದೆ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅದೇ ಒಡಪು ತೆಲುಗು ಅಕ್ಷರದಲ್ಲಿ. ಬೀಗರ ಕಡೆಯವರೂ ಓದಬೇಕಲ್ಲ.

ಕೂಕಟ್‌ಪಲ್ಲಿಯ ನಮ್ಮ ಗಲ್ಲಿಯ ತುದಿಯಲ್ಲಿ ಲಗ್ನಪತ್ರಿಕೆ ಹಾಕುವ ಒಂದು ಸಣ್ಣ ಅಂಗಡಿ ಇದೆ. ನಡೆಸುವವರು ಮಧ್ಯವಯಸ್ಸಿನ ತೆಲುಗಿನವರು. ಕನ್ನಡ ಬರುತ್ತದೆಯೇ ಎಂದು ಕೇಳಿದೆ. ಮಾತು ಬರುವುದಿಲ್ಲ ಎಂದರು. ಆದರೆ ನನ್ನ ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದು, "ಅಕ್ಷರಾಲು ಒಕಟೇ ಕದಮ್ಮಾ, ತಲಕಟ್ಟು ಒಕ್ಕಟೇ ತೇಡಾ" ಎಂದರು. ಅಕ್ಷರ ಎಲ್ಲ ಒಂದೇ, ತಲೆಕಟ್ಟು ಮಾತ್ರ ಬೇರೆ. ಅರ್ಥ ತಿಳಿಯದೆ, ಬರೀ ಆಕಾರ ನೋಡಿ ನಲವತ್ತೆರಡು ಒಡಪುಗಳನ್ನು ಒಂದೇ ದಿನದಲ್ಲಿ ಟೈಪು ಮಾಡಿದರು. ಇಂಥ ಧೈರ್ಯ ನಾನು ಕಂಡಿರಲಿಲ್ಲ.

ಮೊದಲ ಕರಡು ನೋಡಲು ಹೋದೆ. ಮೂರನೆಯ ಪುಟದಲ್ಲಿ "ಹಾಲಿನಾಗ ಸಕ್ಕರಿ" ಹೋಗಿ "ಹಾವಿನಾಗ ಸಕ್ಕರಿ" ಆಗಿತ್ತು. ಏಳನೆಯ ಪುಟದಲ್ಲಿ "ಅತ್ತಿ ಮನಿ ದೀಪ" ಇದ್ದದ್ದು "ಕತ್ತಿ ಮನಿ ದೀಪ" ಆಗಿತ್ತು. ನಮ್ಮ ಕಡೆ ಕತ್ತಿ ಎಂದರೆ ಕತ್ತೆ. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ಗಾಬರಿಯಾಗಿ ಏನಾಯಿತೆಂದು ಕೇಳಿದರು. ಅತ್ತೆ ಕತ್ತೆಯಾದದ್ದನ್ನು ತೆಲುಗಿನಲ್ಲಿ ವಿವರಿಸಿದೆ. "ಅದು ಸರಿಯಾಗೇ ಇದೆ, ಬಿಡಿ ಅಮ್ಮಾ" ಎಂದು ತೆಲುಗಿನಲ್ಲೇ ಹೇಳಿ ಅವರೂ ನಗತೊಡಗಿದರು. ಆಮೇಲೆ ಒಂದೊಂದರ ಅರ್ಥವನ್ನೂ ಕೇಳಿದರು. ಹೇಳುತ್ತಾ ಕೂತೆ. ಲಗ್ನಪತ್ರಿಕೆ ಕೊಡಲು ಬಂದಿದ್ದ ಇನ್ನೊಂದು ಮನೆಯವರೂ ನಿಂತು ಕೇಳಿದರು. ಗಂಡಸರು ಹೆಂಡತಿಯ ಹೆಸರಿಗೂ ಒಡಪು ಹೇಳಬಹುದೇ ಎಂದು ಅಂಗಡಿಯವರು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಹೇಳಬಹುದು ಎಂದೆ. ಒಂದನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ಎರಡು ದಿನದ ನಂತರ ಅವರ ಫೋನು ಬಂತು. ನಾನು ಆಗ ಮೆಟ್ರೋದಲ್ಲಿದ್ದೆ, ಕೈಯಲ್ಲಿ ಸೀರೆ ಗಂಟು, ಸುತ್ತಲೂ ಜನ. "ಇಕ್ಕಡ ಚುಕ್ಕಲು ಉನ್ನಾಯಿ, ಏಂ ರಾಯಾಲಿ?" ಎಂದರು. ಇಲ್ಲಿ ಚುಕ್ಕಿಗಳಿವೆ, ಏನು ಬರೆಯಲಿ? ನಮ್ಮವ್ವನ ಚುಕ್ಕಿಗಳನ್ನೇ ನಾನೂ ಎಲ್ಲ ಕಡೆ ಇಟ್ಟಿದ್ದೆ. ನಾನು ಅವಸರದಲ್ಲಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಿದೆ: "ಅಕ್ಕಡ ಹೆಸರು ರಾವಾಲಿ!" ಅಲ್ಲಿ ಹೆಸರು ಬರಬೇಕು. ಹೆಸರಿಗೆ ತೆಲುಗಿನಲ್ಲಿ ಪೇರು ಅನ್ನಬೇಕಿತ್ತು ಎಂಬುದು ಹೊಳೆಯಲೇ ಇಲ್ಲ. ಅವರು "ಅರ್ಥಮೈಂದಿ ಅಮ್ಮಾ" ಎಂದು ಫೋನು ಇಟ್ಟರು.

ಕಟ್ಟು ಬಂತು. ಇನ್ನೂರು ಪುಸ್ತಕ, ಅಂಗೈಯಗಲ, ಅರಿಶಿನ ಬಣ್ಣದ ಹೊದಿಕೆ. ತೆರೆದರೆ ಇನ್ನೂ ಮಸಿಯ ವಾಸನೆ. ಚುಕ್ಕಿ ಇದ್ದ ಕಡೆಯಲ್ಲೆಲ್ಲ ದಪ್ಪ ಅಕ್ಷರದಲ್ಲಿ "ಹೆಸರು" ಎಂದು ಅಚ್ಚಾಗಿತ್ತು. ಎಡಪುಟದಲ್ಲಿ ಕನ್ನಡದ ಹೆಸರು, ಬಲಪುಟದಲ್ಲಿ ತೆಲುಗು ಅಕ್ಷರದ ಹೆಸರು. ನನಗೆ ತಪ್ಪೆನಿಸಲಿಲ್ಲ. ಇಲ್ಲಿ ನಿಮ್ಮವರ ಹೆಸರು ಹೇಳಿಕೊಳ್ಳಿ ಎಂದು ಯಾರಿಗಾದರೂ ತಿಳಿಯುತ್ತದಲ್ಲ ಎಂದುಕೊಂಡೆ. ಚುಕ್ಕಿಗಿಂತ ಇದೇ ಚೆಂದ ಎಂದೂ ಅನ್ನಿಸಿತು.

ಮದುವೆಗೆ ನಾಲ್ಕು ದಿನ ಇರುವಾಗ ಬೀಗಿತ್ತಿ ತಮ್ಮ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ನಾನು ಹೊರಗೆ ಹೋಗಿದ್ದೆ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ, ಮದುವೆಯ ದಿನದ ಉಸುಳಿಗೆಂದು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಅತ್ತೆಗೆ ತೆಲುಗು ಬಾರದು, ಬೀಗಿತ್ತಿಗೆ ಕನ್ನಡ ಬಾರದು. ಬೀಗಿತ್ತಿ ಪುಸ್ತಕದಲ್ಲಿ ಬೆರಳಿಟ್ಟು, "ಹೆಸರು ಅಂಟೆ ಏಂಟಂಡಿ?", ಹೆಸರು ಅಂದರೆ ಏನು, ಎಂದು ಕೇಳಿದರಂತೆ. ಅತ್ತೆಗೆ ಅರ್ಥವಾದದ್ದು ಮೊದಲನೆಯ ಶಬ್ದ ಒಂದೇ. ಮೊರದಿಂದ ಒಂದು ಹಿಡಿ ಕಾಳು ಎತ್ತಿ ತೋರಿಸಿದರು. "ಇದಾ ನೋಡವಾ, ಹೆಸರು!"

"ಓ, ಪೆಸಲು!" ಎಂದು ಬೀಗಿತ್ತಿ ಖುಷಿಯಾಗಿ ಹೋದರಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಮದುವೆಯ ದಿನ ತಾಳಿ, ತೆಲುಗರ ಜೀರಿಗೆ-ಬೆಲ್ಲದ ಶಾಸ್ತ್ರ, ಅಕ್ಷತೆ ಎಲ್ಲ ಸುಸೂತ್ರ ಮುಗಿಯಿತು. ಒಡಪಿನಾಕೆ ಒಂದು ದಿನದ ಕೆಲಸ ಬಿಟ್ಟು ಬಂದಿದ್ದಳು, ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಅತ್ತೆ ಆಕೆಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಭೂಮದ ಊಟಕ್ಕೆ ಉದ್ದಕ್ಕೆ ಎಲೆ ಹಾಕಿ ಎರಡೂ ಕಡೆಯವರು ಎದುರುಬದುರು ಕೂತರು.

ಮಗಳು ಗಚ್ಚಿಬೌಲಿಯ ಒಡಪು ಶುರುಮಾಡಿದಳು. "ನಗಿ ನಿಲ್ಲವಲ್ದು" ಎನ್ನುವ ಕಡೆ ಬಂದಾಗ ನಿಜಕ್ಕೂ ನಗು ನಿಲ್ಲದೆ ಮೂರು ಸಲ ಹೇಳಬೇಕಾಯಿತು. ಹುಡುಗ ಅವಳ ಹೆಸರಿಗೆ ಒಂದು ಹೇಳಿದ. ಅವನ ಕನ್ನಡದಲ್ಲಿ ಳಕಾರಕ್ಕೆಲ್ಲ ಎರಡೆರಡು ಸುತ್ತು ಹೆಚ್ಚಿತ್ತು, ಚಪ್ಪಾಳೆಯೂ ಅಷ್ಟೇ ಹೆಚ್ಚು ಬಿತ್ತು.

ಆಮೇಲೆ ಬೀಗಿತ್ತಿ ಎದ್ದು ನಿಂತರು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಒಂದು ಪುಟ್ಟ ಬೆಳ್ಳಿ ಬಟ್ಟಲು. ಬಟ್ಟಲಲ್ಲಿ ಏನಿದೆ ಎಂದು ನನಗೆ ಕಾಣಲಿಲ್ಲ. ಗಣಿತದ ಸೂತ್ರ ಹೇಳುವ ಗಟ್ಟಿ ದನಿಯಲ್ಲಿ, ಒಂದು ಅಕ್ಷರವೂ ತಪ್ಪದೆ ಹೇಳಿದರು:

"ಒಲಿ ಮ್ಯಾಲ ಅನ್ನ ಕುದೀತೈತಿ, ಪಡಸಾಲ್ಯಾಗ ಬೀಗರು ಕುಂತಾರ,
ಹೆಸರು ಹಸದಾರಂತ ಕಿಟಕ್ಯಾಗ ಇಣುಕಾಕತ್ತಾರ!"

ಹೇಳಿದವರೇ ಬಟ್ಟಲಿನಿಂದ ಒಂದು ಹಿಡಿ ಹೆಸರುಕಾಳು ತೆಗೆದು, ಪಕ್ಕದಲ್ಲಿ ಮೌನವಾಗಿ ಕೂತಿದ್ದ ಗಂಡನ ಅಂಗೈ ಬಿಡಿಸಿ ಅದರಲ್ಲಿ ಸುರಿದರು. ಉಳಿದದ್ದನ್ನು ಭಕ್ತಿಯಿಂದ ಅವರ ತಲೆಯ ಮೇಲೆ ಹಾಕಿದರು.

ನಮ್ಮ ಕಡೆಯ ಪಂಕ್ತಿ ಉಸಿರು ಹಿಡಿದುಕೊಂಡಿತು. ಬೀಗರ ಕಡೆಯವರು ಇದೇ ಪದ್ಧತಿಯೆಂದು ತಿಳಿದು ತಲೆಯಾಡಿಸಿದರು. ಬೀಗರು ತಲೆಯ ಮೇಲಿನ ಕಾಳು ಉದುರದ ಹಾಗೆ ಕತ್ತು ನೇರ ಮಾಡಿಕೊಂಡು ಕೂತರು. ನನಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಮೆಟ್ರೋ, ಫೋನು, ದಪ್ಪ ಅಕ್ಷರ. ನನ್ನ ಪಕ್ಕದಲ್ಲಿದ್ದ ಗಂಡನ ಭುಜ ಅಲುಗುತ್ತಿತ್ತು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗಬಾರದು, ಬೀಗಿತ್ತಿಗೆ ನೋವಾಗುತ್ತದೆ ಎಂದು ನಾನು ತುಟಿ ಕಚ್ಚಿದೆ. ಆಗಲೇ ಅತ್ತೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಉಸುಳಿ ಮಾಡಿ ಹಾಕಬೇಕಿತ್ತು, ಹಸೀ ಕಾಳು ಯಾಕ ಹಾಕಿದ್ಲು?"

ಕಟ್ಟೆ ಒಡೆಯಿತು. ನಮ್ಮ ಪಂಕ್ತಿ ಪೂರ್ತಿ ಎಲೆಯ ಮೇಲೆ ಬಾಗಿ ನಗತೊಡಗಿತು. ಬೀಗಿತ್ತಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಪೆಸಲು ಕಾದಾ?" ಎಂದರು. ಹೆಸರುಕಾಳು ಅಲ್ಲವೇ? ಅವರ ಮುಖದಲ್ಲಿ ಉತ್ತರ ತಪ್ಪಿದ ವಿದ್ಯಾರ್ಥಿಯ ಕಳವಳ ಕಂಡು ನನ್ನ ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಒಡಪಿನಾಕೆ ಎದ್ದಳು. ಬಳೆ ಹಿಂದಕ್ಕೆ ಸರಿಸಿಕೊಂಡು, ಬೀಗಿತ್ತಿಯ ಬಟ್ಟಲಿನ ತಳದಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ತನ್ನ ಅಂಗೈಗೆ ಹಾಕಿಕೊಂಡಳು.

"ಕಾಳಿಗೂ ಹೆಸರಂತಾರ, ಗಂಡಗೂ ಹೆಸರ ಇರತೈತಿ,
ಎರಡನ್ನೂ ನೆನಸಿದ್ರ ತಾಯೀ, ಮೊಳಕಿ ತಾನ ಬರತೈತಿ!"

ಒಂದು ಕ್ಷಣ ಹಿಡಿಯಿತು. ನೆನೆಸಿದರೆ ಕಾಳು ನೀರಿನಲ್ಲಿ ನೆನೆಯುತ್ತದೆ, ನೆನೆಸಿಕೊಂಡರೆ ಗಂಡ ಮನಸ್ಸಿಗೆ ಬರುತ್ತಾನೆ. ಆಮೇಲೆ ಎದ್ದ ಗದ್ದಲಕ್ಕೆ ಪಕ್ಕದ ಸಭಾಂಗಣದವರೂ ಬಾಗಿಲಲ್ಲಿ ಇಣುಕಿದರು. ನನ್ನ ಗಂಡ ತೊಡೆ ತಟ್ಟಿ "ಭಲೇ!" ಎಂದರು, ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಆ ಶಬ್ದ ಕೇಳಿರಲಿಲ್ಲ. ಬೀಗಿತ್ತಿಯ ಕೈಹಿಡಿದು ನಾನು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಹೆಸರು ಅಂದರೆ ಪೆಸಲೂ ಹೌದು, ಪೇರೂ ಹೌದು. ಅಲ್ಲಿ ನಿಮ್ಮವರ ಪೇರು ಬರಬೇಕಿತ್ತು. ತೆಲುಗಿನಲ್ಲಿ ಆ ಆಟ ಆಡಲು ಬರುವುದಿಲ್ಲ, ಹೇಳುವಷ್ಟರಲ್ಲಿ ಪಾಯಸ ತಣ್ಣಗಾಯಿತು. ಆದರೂ ಕೊನೆಗೆ ಅವರಿಗೆ ತಟ್ಟಿತು. "ಪೇರಾ!" ಎಂದು ಕೂಗಿ, ಗಂಡನ ತಲೆಯ ಮೇಲಿನ ಕಾಳು ನೋಡಿ, ಎಲೆಯ ಮುಂದೆ ಕುಸಿದು ಕೂತು ನಗತೊಡಗಿದರು. ನಗು ನಿಂತರೆ ಮತ್ತೆ ಶುರು. ಅವರ ಗಂಡ ಸಾವಧಾನವಾಗಿ ಅಂಗೈಯ ಕಾಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ನಾಳೆ ಇದರ ಅಟ್ಟು, ಅಂದರೆ ದೋಸೆ, ಮಾಡಿಸಿಕೊಳ್ಳುತ್ತೇನೆ ಎಂದರು. ಅವತ್ತು ಅವರು ಆಡಿದ ಮಾತು ಅದೊಂದೇ.

ಮದುವೆಯಾಗಿ ಹದಿನೈದು ದಿನಕ್ಕೆ ನಾನು ಹತ್ತು ಪುಸ್ತಕ ತೆಗೆದುಕೊಂಡು ಮಣಿಕೊಂಡದ ಆ ಕಟ್ಟಡಕ್ಕೆ ಹೋದೆ. ಆರನೆಯ ಅಂತಸ್ತು ಆಗಿತ್ತು. ಊಟದ ಹೊತ್ತು, ಏಳೆಂಟು ಹೆಂಗಸರು ಕೂತಿದ್ದರು. ಒಡಪಿನಾಕೆಗೆ ಓದಲು ಬರುವುದಿಲ್ಲ. ಏಳನೆಯ ಇಯತ್ತೆ ಓದಿದ ಒಬ್ಬಳು ಎಳೆ ಹೆಂಗಸು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮೊದಲ ಒಡಪು ಮುಗಿಯುತ್ತಿದ್ದ ಹಾಗೇ ಒಡಪಿನಾಕೆ ರೊಟ್ಟಿ ಕೆಳಗಿಟ್ಟಳು.

"ಇದನ್ನ ಯಾರು ಅಂದೋರು?"

"ನೀನ. ನಾನು ಬರಕೊಂಡೀನಲ್ಲ."

"ನಾ ಹಿಂಗ ಅಂದಿದ್ದಿಲ್ರಿ. ಅಂದಿದ್ರೂ ಈಗ ಹಂಗ ಅನ್ನಂಗಿಲ್ಲ. ಕೊಡಾ ಬಿಟ್ಟು ಪೈಪ್ ಅಂತ ಹಾಕ್ರಿ. ಈಗ ನಾವು ಪೈಪಿಲೇನ ನೀರ ಹೊಡ್ಯಾಕತ್ತೀವಿ."

"ಅಚ್ಚಾಗಿಬಿಟ್ಟೈತಲ್ಲವಾ!"

"ಅಚ್ಚಾದ್ರೇನಾತು? ಬಾಯಿ ಇಲ್ಲೇನು?"

ಅವರು ಒಂದೊಂದನ್ನೂ ಕೆಡವಿ ಮತ್ತೆ ಕಟ್ಟಿದರು. ನಾನು ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ತಿದ್ದುತ್ತಾ ಹೋದೆ. ಎಲ್ಲರೂ ಒಂದೊಂದು ಹೇಳಿದ ಮೇಲೆ ಎಳೆಯಾಕೆ ನನ್ನ ಚಪ್ಪಲಿ ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡಳು. "ನಿಮ್ಮದೊಂದು ಆಗಲಿ ಅಕ್ಕಾರ. ಹೆಸರ ಹೇಳ್ರಿ, ಮನಿಗೆ ಹೋಗ್ರಿ."

ಅಷ್ಟೂ ಮುಖಗಳು ನನ್ನ ಬಾಯನ್ನೇ ನೋಡುತ್ತಿದ್ದವು. ಮೊದಲ ಸಾಲು ಬಂತು. ಅದರ ಬೆನ್ನಿಗೇ, ನನ್ನ ಜೀವಮಾನದಲ್ಲಿ ಮೊದಲ ಸಲ, ಎರಡನೆಯದೂ ಬಂತು:

"ಹೈದ್ರಾಬಾದಿಗೆ ಬಂದ ಮ್ಯಾಲ ಮೂರು ಭಾಷಾ ಮಾತಾಡೀನಿ,
ಇಂಥವರ ಕೂಡ ಜಗಳಕ್ಕಂತ ಕನ್ನಡ ಕಾಯ್ದಿಟ್ಟೀನಿ!"

ಹೋ ಎಂದರು. ಬೆನ್ನು ತಟ್ಟಿದರು. ಆದರೆ ಒಡಪಿನಾಕೆ ಮೂಗು ಮುರಿದಳು. ಜಗಳಕ್ಕಂತ ಅನಬಾರದು, ನಗೂದಕ್ಕಂತ ಅನಬೇಕು, ಶುಭದ ಮಾತು ಎಂದಳು. ಎಳೆಯಾಕೆ ಒಪ್ಪಲಿಲ್ಲ. ಜಗಳನ ಚಲೋ, ಗಂಡನ ಕೂಡ ಮತ್ತೇನು ಮಾಡೂದು ಎಂದಳು. ಮೂವರು ಈ ಕಡೆ, ನಾಲ್ವರು ಆ ಕಡೆ ಆದರು. ನನ್ನನ್ನು ಯಾರೂ ಕೇಳಲಿಲ್ಲ. ಮೇಸ್ತ್ರಿ ಸೀಟಿ ಊದಿದ. ಹೆಲ್ಮೆಟ್ಟು ಹಾಕಿಕೊಂಡು, ಡಬ್ಬಿ ಮುಚ್ಚಿ, ವಾದ ಮಾಡುತ್ತಲೇ ಮೆಟ್ಟಿಲು ಹತ್ತಿದರು. ಮೊದಲ ಅಂತಸ್ತಿನಿಂದ "ಜಗಳಕ್ಕಂತ" ಎಂದು ಒಬ್ಬಳು ಹಾಡಿದ್ದು, ಎರಡನೆಯದರಿಂದ "ನಗೂದಕ್ಕಂತ" ಎಂದು ಇನ್ನೊಬ್ಬಳು ಅದರ ಮೇಲೆ ಏರಿಸಿ ಹಾಡಿದ್ದು ಕೇಳಿಸಿತು. ನಾನು ಬರಿಗಾಲಲ್ಲಿ ಮರಳಿನ ಮೇಲೆ ನಿಂತು ಮೇಲಕ್ಕೆ ನೋಡುತ್ತಾ ನಗುತ್ತಿದ್ದೆ. ಚಪ್ಪಲಿ ಎಳೆಯಾಕೆಯ ಕೈಯಲ್ಲೇ ಮೂರನೆಯ ಅಂತಸ್ತಿಗೆ ಹೋಗಿಬಿಟ್ಟಿತ್ತು.